ಪೆಡಲ್ ಒತ್ತಿದಾಗ ಮಾತ್ರ ಮುಗ್ಗರಿಸುವ ಎಂಜಿಬಿ

ಪ್ರಶ್ನೆ: ನನ್ನದು 1967ರ ಎಂಜಿಬಿ ಸ್ಪೋರ್ಟ್ಸ್ ಕಾರು. ಎಂಜಿನ್ ಪೂರ್ತಿ ಬಿಚ್ಚಿ ರೀಬಿಲ್ಡ್ ಮಾಡಿಸಿದ್ದೇನೆ. ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಎರಡು ಎಸ್‌ಯು ಕಂಪನಿಯ ಕಾರ್ಬುರೇಟರ್‌ಗಳನ್ನೂ ತೊಳೆದು ಕೂರಿಸಿದ್ದಾರೆ. ಪಾಯಿಂಟ್ (ಸ್ಪಾರ್ಕ್‌ಗಾಗಿ ಕರೆಂಟ್ ಕಡಿಯುವ ಸ್ವಿಚ್), ಅದರ ಕಂಡೆನ್ಸರ್, ಪ್ಲಗ್ ಎಲ್ಲಾ ಹೊಸತು. ಐಡಲ್ ಚೆನ್ನಾಗಿದೆ, ಒಂದೇ ವೇಗದಲ್ಲಿ ಹೋದರೂ ತೊಂದರೆ ಇಲ್ಲ. ಆದರೆ ಪೆಡಲ್ ಒತ್ತಿದ ತಕ್ಷಣ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆ. ಮೆಲ್ಲಗೆ ಒತ್ತಿದರೂ ಹೀಗೇ. ಬಿಚ್ಚುವ ಮುಂಚೆ ಇದು ಇರಲಿಲ್ಲ. ಕಾರ್ಬುರೇಟರ್ ನೀಡಲ್ (ಪೆಟ್ರೋಲ್ ಅಳೆದು ಬಿಡುವ ಸೂಜಿ) ಬದಲಿಸಲೇ?

ಉತ್ತರ: ನೀಡಲ್‌ಗೆ ಈಗಲೇ ಕೈ ಹಾಕಬೇಡಿ. ಐಡಲ್ ಸರಿ, ಓಟವೂ ಸರಿ, ಪೆಡಲ್ ಒತ್ತುವ ಗಳಿಗೆ ಮಾತ್ರ ತಪ್ಪು ಅಂದಿದ್ದೀರಿ. ಹಾಗಾದರೆ ಆ ಗಳಿಗೆಯಲ್ಲಿ ಏನು ಅಲುಗಾಡುತ್ತದೆ ಅಂತ ನೋಡಬೇಕು. ಎರಡು ಅಲುಗಾಡುತ್ತವೆ. ಕಾರ್ಬುರೇಟರ್ ಪಿಸ್ಟನ್ ಮೇಲೇಳುತ್ತದೆ. ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಕೂತಿರುವ ಪ್ಲೇಟ್ ತಿರುಗುತ್ತದೆ.

ಮೊದಲು ಪಿಸ್ಟನ್. ಎಸ್‌ಯುನಲ್ಲಿ ಪೆಡಲ್ ಒತ್ತಿದಾಗ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪ್ ಇಲ್ಲ. ಅದರ ಕೆಲಸವನ್ನು ಮೇಲಿನ ಡ್ಯಾಶ್‌ಪಾಟ್‌ನ ಎಣ್ಣೆ ಮಾಡುತ್ತದೆ. ಎಣ್ಣೆ ಪಿಸ್ಟನ್ನನ್ನು ನಿಧಾನಿಸುತ್ತದೆ. ಅಷ್ಟು ಹೊತ್ತು ಜೆಟ್ (ಪೆಟ್ರೋಲ್ ಬರುವ ತೂತು) ಮೇಲೆ ಗಾಳಿ ರಭಸವಾಗಿ ಹಾಯ್ದು ಪೆಟ್ರೋಲ್ ಜಾಸ್ತಿ ಎಳೆಯುತ್ತದೆ. ಎಣ್ಣೆ ಇಲ್ಲದಿದ್ದರೆ ಪಿಸ್ಟನ್ ನೆಗೆಯುತ್ತದೆ, ಮಿಶ್ರಣ ತೆಳುವಾಗುತ್ತದೆ (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ), ಪಿಕಪ್ ಸಾಯುತ್ತದೆ. ತೊಳೆದು ಕೂರಿಸಿದ ಮೇಲೆ ಎಣ್ಣೆ ಹಾಕಲು ಮರೆಯುವುದು ತುಂಬಾ ಸಾಮಾನ್ಯ. ಮೇಲಿನ ಮುಚ್ಚಳ ಬಿಚ್ಚಿ ನೋಡಿ, ಎಸ್‌ಎಇ 20 ಎಂಜಿನ್ ಆಯಿಲ್ ಹಾಕಿ. ಆಮೇಲೆ ಏರ್ ಫಿಲ್ಟರ್ ಬಿಚ್ಚಿ, ಡ್ಯಾಂಪರ್ (ಮೇಲಿನ ಮುಚ್ಚಳಕ್ಕೆ ಸೇರಿದ ಕಡ್ಡಿ) ಹೊರಗಿಟ್ಟು, ಪಿಸ್ಟನ್ನನ್ನು ಬೆರಳಲ್ಲಿ ಎತ್ತಿ ಬಿಡಿ. ಟಕ್ ಅಂತ ಲೋಹದ ಸದ್ದು ಬರಬೇಕು. ಬರದೆ ಎಲ್ಲೋ ಸಿಕ್ಕಿಕೊಂಡರೆ, ಎರಡು ಕಾರ್ಬುರೇಟರ್‌ಗಳ ಪಿಸ್ಟನ್‌ಗಳು ಅದಲುಬದಲಾಗಿವೆಯಾ ಅಂತ ವಿಚಾರಿಸಿ. ಪ್ರತಿ ಪಿಸ್ಟನ್ನೂ ಅದರ ಮೇಲಿನ ಚೇಂಬರ್‌ಗೆ ಹೊಂದಿಸಿದ ಜೋಡಿ. ಬೇರೆಯದರಲ್ಲಿ ಕೂರಿಸಬಾರದು.

ಆದರೆ ನಿಜ ಹೇಳುತ್ತೇನೆ, ನನ್ನ ಅನುಮಾನ ಡಿಸ್ಟ್ರಿಬ್ಯೂಟರ್ ಮೇಲೆಯೇ. ಎಣ್ಣೆಯ ತೊಂದರೆ ಪೆಡಲ್ ತುಳಿದಾಗ ಜೋರಾಗಿ ಕಾಣುತ್ತದೆ, ಮೆಲ್ಲಗೆ ಒತ್ತಿದರೆ ಅಷ್ಟು ಕಾಡುವುದಿಲ್ಲ. ನಿಮ್ಮದು ಮೆಲ್ಲಗೆ ಒತ್ತಿದರೂ ಮುಗ್ಗರಿಸುತ್ತಿದೆ ಅಲ್ವಾ? ಥ್ರಾಟಲ್ (ಪೆಡಲ್ ಒತ್ತಿದಾಗ ತೆರೆಯುವ ಗಾಳಿ ಬಾಗಿಲು) ಸ್ವಲ್ಪ ತೆರೆದ ಕೂಡಲೇ ಕಾರ್ಬುರೇಟರ್‌ನಿಂದ ಬರುವ ಸಣ್ಣ ಪೈಪಿನಲ್ಲಿ ವ್ಯಾಕ್ಯೂಮ್ ಏರುತ್ತದೆ. ಅದು ಡಿಸ್ಟ್ರಿಬ್ಯೂಟರ್ ಪಕ್ಕದ ಡಯಾಫ್ರಮನ್ನು (ಬಾಗುವ ಪೊರೆ) ಎಳೆದು ಪ್ಲೇಟ್ ತಿರುಗಿಸುತ್ತದೆ. ಆ ಪ್ಲೇಟಿಗೆ ಎರಡು ವೈರ್. ಒಂದು ಪಾಯಿಂಟಿಗೆ ಹೋಗುವುದು, ಇನ್ನೊಂದು ಪ್ಲೇಟನ್ನು ಬಾಡಿಗೆ ಅರ್ತ್ ಮಾಡುವ ಪುಟ್ಟ ವೈರ್. ಬಟ್ಟೆ ಸುತ್ತಿದ ಈ ವೈರ್ ಹೊರಗಿನಿಂದ ಸರಿಯಾಗೇ ಕಾಣುತ್ತದೆ, ಒಳಗೆ ಎಳೆಗಳು ತುಂಡಾಗಿರುತ್ತವೆ. ಪ್ಲೇಟ್ ಸುಮ್ನೆ ಇರುವಾಗ ತಾಗಿಕೊಂಡಿರುತ್ತವೆ, ತಿರುಗಿದ ಕೂಡಲೇ ಬಿಟ್ಟುಹೋಗುತ್ತವೆ. ಸ್ಪಾರ್ಕ್ ಮಿಸ್. ಪಾಯಿಂಟ್ ಬದಲಿಸುವಾಗ ಕೈ ಆಡಿದ ಜಾಗವೂ ಇದೇ. ಪಾಯಿಂಟಿನ ವೈರ್ ಬಿಗಿಯಾಗಿ ಕೂತು, ಪ್ಲೇಟ್ ತಿರುಗಿದಾಗ ಬಾಡಿಗೆ ತಾಗಿದರೂ ಫಲ ಇದೇ.

ಪರೀಕ್ಷೆಗೆ ಖರ್ಚಿಲ್ಲ. ವ್ಯಾಕ್ಯೂಮ್ ಪೈಪನ್ನು ಡಿಸ್ಟ್ರಿಬ್ಯೂಟರ್ ಕಡೆ ಕಿತ್ತು, ಪೈಪಿನ ಬಾಯನ್ನು ಸಣ್ಣ ಬೋಲ್ಟ್‌ನಿಂದ ಮುಚ್ಚಿ ಓಡಿಸಿ. ಮುಗ್ಗರಿಸುವುದು ನಿಂತರೆ ಕಳ್ಳ ಸಿಕ್ಕಂತೆ. ಆಗ ಇಗ್ನಿಷನ್ ಆಫ್ ಮಾಡಿ, ಕ್ಯಾಪ್ ತೆಗೆದು, ಮಲ್ಟಿಮೀಟರ್‌ನ ಒಂದು ತುದಿ ಪ್ಲೇಟಿಗೆ, ಇನ್ನೊಂದು ಡಿಸ್ಟ್ರಿಬ್ಯೂಟರ್ ಬಾಡಿಗೆ ಹಿಡಿದು ಪ್ಲೇಟನ್ನು ಕೈಯಿಂದ ತಿರುಗಿಸಿ. ಓಮ್ ಕುಣಿಯಬಾರದು. ಹೊಸ ವೈರ್ ಹಾಕುವಾಗ ತೀರಾ ಮೃದುವಾದ, ತುಂಬಾ ಎಳೆಗಳಿರುವುದನ್ನೇ ಹುಡುಕಿ. ಗಟ್ಟಿ ವೈರ್ ಬೇಗ ಮುರಿಯುತ್ತದೆ, ಪ್ಲೇಟಿನ ಓಡಾಟವನ್ನೂ ತಡೆಯುತ್ತದೆ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇರಲಿ. ಹೊಸ ಕಂಡೆನ್ಸರನ್ನೂ ಪೂರ್ತಿ ನಂಬಬೇಡಿ. ಹಳೆಯದು ಎಸೆದಿಲ್ಲ ಅಂದರೆ ಅದನ್ನೇ ಹಾಕಿ ಒಮ್ಮೆ ನೋಡಿ.

ಪೈಪ್ ಮುಚ್ಚಿದರೂ ಬದಲಾವಣೆ ಇಲ್ಲವೇ? ಮುಗ್ಗರಿಸುವ ವೇಗದಲ್ಲಿ ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಸ್ವಲ್ಪ ಎಳೆದು ಪೆಡಲ್ ಒತ್ತಿ. ಸುಧಾರಿಸಿದರೆ ಮಿಶ್ರಣ ತೆಳು. ಥ್ರಾಟಲ್ ಸ್ಪಿಂಡಲ್ ಸವೆದಿದೆಯೇ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯೇ ನೋಡಿ. ಗಾಳಿ ಸೋರಿಕೆ ಹುಡುಕಲು ಉರಿಯುವ ಸ್ಪ್ರೇ ಮಾತ್ರ ಹೊಡೆಯಬೇಡಿ. ಈ ಕಾರಿನಲ್ಲಿ ಕಾರ್ಬುರೇಟರೂ ಬಿಸಿ ಎಕ್ಸಾಸ್ಟೂ ಒಂದೇ ಬದಿಯಲ್ಲಿವೆ, ಬೆಂಕಿ ಹತ್ತಲು ಅಷ್ಟೇ ಸಾಕು.

ರೀಬಿಲ್ಡ್‌ನಲ್ಲಿ ಕ್ಯಾಮ್‌ಶಾಫ್ಟ್ ಅಥವಾ ಏರ್ ಫಿಲ್ಟರ್ ಬೇರೆ ಬಗೆಯದು ಹಾಕಿದ್ದರೆ ಮಾತ್ರ ನೀಡಲ್ ಬದಲಿಸುವ ಪ್ರಶ್ನೆ ಬರುತ್ತದೆ. ಇದರ ಬಗ್ಗೆ ನೀವು ಬರೆದಿಲ್ಲ. ಹಾಗೇನಾದರೂ ಹಾಕಿದ್ದರೆ, ಪೈಪ್ ಪರೀಕ್ಷೆಯ ಫಲದ ಜೊತೆ ಅದನ್ನೂ ತಿಳಿಸಿ.