ಕೊರೊನಾ ಕಾಲದಲ್ಲಿ ಅಮೆರಿಕದ ಕಡಿಮೆ ಬಾಡಿಗೆ ಮನೆಗಳಲ್ಲಿ ಬಾಡಿಗೆ ಮನ್ನಾ ಆಯಿತಾ? ವಸೂಲಿ ಹೇಗೆ ನಡೆಯಿತು?

ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಗಾರರಿಗೆ ಕಡಿಮೆ ಬಾಡಿಗೆಗೆ ರೂಮು ಕೊಡುವ ಟ್ರಸ್ಟ್ ಒಂದರ ಜೊತೆ ಇದ್ದೀರಿ ಅಂತ ಬರೆದಿದ್ದೀರಿ. ಕೊರೊನಾ ಬಂದಾಗ ಅಮೆರಿಕದ ಇಂಥ ಮನೆಗಳಲ್ಲಿ ಏನಾಯಿತು, ಇನ್ನೊಮ್ಮೆ ಹಾಗಾದರೆ ನೀವೇನು ಸಿದ್ಧತೆ ಮಾಡಿಕೊಳ್ಳಬಹುದು ಅನ್ನೋದು ನಿಮ್ಮ ಪ್ರಶ್ನೆ. ನಾನು ಆಗ ಕ್ಯಾಲಿಫೋರ್ನಿಯಾದಲ್ಲಿ, ಲಾಭಕ್ಕಾಗಿ ನಡೆಯದ ಒಂದು ವಸತಿ ಸಂಸ್ಥೆಯಲ್ಲಿ ಬಾಡಿಗೆ ಲೆಕ್ಕ ನೋಡುತ್ತಿದ್ದೆ. ಹಾಗಾಗಿ ಕಂಡಿದ್ದನ್ನೇ ಬರೆಯುತ್ತೇನೆ.

ಬಾಡಿಗೆ ಮನ್ನಾ ಆಗಲಿಲ್ಲ. ಮುಂದಕ್ಕೆ ಹೋಯಿತು, ಅಷ್ಟೆ. ಎಷ್ಟೋ ಬಾಡಿಗೆದಾರರು ಮನ್ನಾ ಆಯಿತು ಅಂದುಕೊಂಡರು. ತಿಂಗಳುಗಳು ಕಳೆದ ಮೇಲೆ ಬಾಕಿಯ ಮೊತ್ತ ನೋಡಿ ಹೆದರಿದರು.

2020ರ ಮಾರ್ಚ್ 27ಕ್ಕೆ ಅಮೆರಿಕದಲ್ಲಿ ಕೇರ್ಸ್ ಆಕ್ಟ್ ಅನ್ನೋ ಕೊರೊನಾ ಪರಿಹಾರದ ಕಾನೂನು ಬಂತು. ಕೇಂದ್ರ ಸರ್ಕಾರದ ನೆರವು ಇರುವ ಮನೆಗಳಲ್ಲಿ ಬಾಡಿಗೆ ಕಟ್ಟಿಲ್ಲ ಅಂತ ಮನೆ ಖಾಲಿ ಮಾಡಿಸೋಕೆ ಓನರ್‌ಗಳು 120 ದಿನ ಹೊಸದಾಗಿ ಕೋರ್ಟಿಗೆ ಹೋಗುವಂತಿರಲಿಲ್ಲ, ಲೇಟ್ ಫೀಸ್ ಹಾಕುವಂತಿರಲಿಲ್ಲ. ಆಮೇಲೆ ಸೆಪ್ಟೆಂಬರ್ 4ರಿಂದ ಸಿಡಿಸಿ, ಅಂದರೆ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ, ಬಾಡಿಗೆ ಬಾಕಿಗಾಗಿ ಮನೆ ಖಾಲಿ ಮಾಡಿಸುವುದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ತಡೆ ಹಾಕಿತು. ಅದನ್ನು ಸುಪ್ರೀಂ ಕೋರ್ಟ್ 2021ರ ಆಗಸ್ಟ್ 26ಕ್ಕೆ ತೆಗೆದುಹಾಕಿತು. ಈ ತಡೆಗಳು ಬಹಳ ಜನರನ್ನು ಬೀದಿಗೆ ಬೀಳದಂತೆ ಕಾಪಾಡಿದವು, ಅದರಲ್ಲಿ ಅನುಮಾನವಿಲ್ಲ. ಆದರೆ ಯಾವ ತಡೆಯೂ ಒಂದು ಡಾಲರ್ ಸಾಲವನ್ನೂ ಇಳಿಸಲಿಲ್ಲ.

ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವ ವಿಷಯ ಬೇರೆ ಇದೆ. ಅಲ್ಲಿ ಬಡವರ ಮನೆ ಅಂದರೆ ಒಂದೇ ಥರ ಅಲ್ಲ. ಒಂದು ಸೆಕ್ಷನ್ 8. ಇದರಲ್ಲಿ ಮನೆಯವರು ತಮ್ಮ ಆದಾಯದಲ್ಲಿ, ಕೆಲವು ಕಡಿತ ಕಳೆದು, ಸುಮಾರು 30% ಕಟ್ಟುತ್ತಾರೆ. ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಇನ್ನೊಂದು ಟ್ಯಾಕ್ಸ್ ಕ್ರೆಡಿಟ್ ಮನೆಗಳು. ಕಡಿಮೆ ಬಾಡಿಗೆಗೆ ಮನೆ ಕಟ್ಟಿ ಕೊಡುವವರಿಗೆ ತೆರಿಗೆ ರಿಯಾಯಿತಿ ಕೊಡುವ 1986ರ ತೆರಿಗೆ ಕಾನೂನಿನಿಂದ ಬಂದವು. ಇಲ್ಲಿ ಬಾಡಿಗೆ ಕಡಿಮೆ ಇರುತ್ತದೆ, ನಿಜ. ಆದರೆ ಅದು ಆ ಪ್ರದೇಶದ ಮಧ್ಯಮ ಮಟ್ಟದ (ಮೀಡಿಯನ್) ಆದಾಯದ ಲೆಕ್ಕದ ಮೇಲೆ ನಿಂತಿರುತ್ತದೆ. ನಿಮ್ಮ ಮನೆಗೆ ಈ ತಿಂಗಳು ಎಷ್ಟು ಬಂತು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮಾಮೂಲಿ ದಿನಗಳಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಹೋಟೆಲು, ಮನೆ ಕ್ಲೀನಿಂಗ್, ಮಕ್ಕಳನ್ನು ನೋಡಿಕೊಳ್ಳುವುದು, ಎಲ್ಲ ಕೆಲಸ ಒಂದೇ ವಾರದಲ್ಲಿ ನಿಂತಾಗ ಅದೇ ಎಲ್ಲವನ್ನೂ ತೀರ್ಮಾನಿಸಿತು. ಲೆಕ್ಕ ಹೀಗೆ: ತಿಂಗಳಿಗೆ 3,000 ಡಾಲರ್ ಬರುತ್ತಿದ್ದ ಮನೆಗೆ 1,000 ಮಾತ್ರ ಬರತೊಡಗಿತು ಅಂದುಕೊಳ್ಳಿ. ಸೆಕ್ಷನ್ 8 ಆದರೆ ಅವರ ಪಾಲು ಸುಮಾರು 900ರಿಂದ 300ಕ್ಕೆ ಇಳಿಯುತ್ತದೆ. ಟ್ಯಾಕ್ಸ್ ಕ್ರೆಡಿಟ್ ಮನೆಯಲ್ಲಿ ಬಾಡಿಗೆ 1,400 ಇದ್ದರೆ 1,400 ಇದ್ದಂತೆಯೇ ಇರುತ್ತದೆ. ಒಂದೇ ಬೀದಿಯಲ್ಲಿ, ಒಂದೇ ಹೋಟೆಲಿನಲ್ಲಿ ಕೆಲಸ ಮಾಡುವ ಇಬ್ಬರಿಗೆ ಎರಡು ಬೇರೆ ಹಣೆಬರಹ.

ಆದರೆ ಸೆಕ್ಷನ್ 8ರಲ್ಲೂ ಇಳಿಕೆ ತಾನಾಗಿ ಆಗುತ್ತಿರಲಿಲ್ಲ. ಆದಾಯ ಕಡಿಮೆಯಾಗಿದೆ ಅಂತ ಬಾಡಿಗೆದಾರರೇ ಬಂದು ಹೇಳಬೇಕು, ಕಾಗದ ಕೊಡಬೇಕು. ಆಗಷ್ಟೇ ಬಾಡಿಗೆ ಇಳಿಯುತ್ತದೆ. ಹೇಳದವರ ಹೆಸರಿನಲ್ಲಿ ಹಳೇ ಬಾಡಿಗೆಯೇ ಏರುತ್ತಾ ಹೋಗುತ್ತದೆ. ಅದಕ್ಕೇ ನಮ್ಮ ಆಫೀಸಿನಲ್ಲಿ ಬಾಕಿ ಇರುವವರಿಗೆ ಫೋನ್ ಮಾಡುವಾಗ ಮೊದಲ ಮಾತು ಬಾಡಿಗೆಯದ್ದಾಗಿರುತ್ತಿರಲಿಲ್ಲ. "ಕೆಲಸ ಇದೆಯಾ? ಎಷ್ಟು ಗಂಟೆ ಸಿಗುತ್ತಿದೆ? ಮನೆಯಲ್ಲಿ ಯಾರಿಗಾದರೂ ಹುಷಾರಿಲ್ವಾ?" ಅಂತ ಕೇಳುತ್ತಿದ್ದೆವು. ಇದನ್ನು ಬರೀ ಕರುಣೆಯ ಮಾತು ಅಂದುಕೊಳ್ಳಬೇಡಿ. ವಸೂಲಿಗೂ ಇದೇ ಸರಿಯಾದ ದಾರಿ. ಮೂರು ತಿಂಗಳ ಬಾಕಿ ಬಿದ್ದ ಮೇಲೆ ಜನ ಫೋನ್ ಎತ್ತುವುದನ್ನೇ ಬಿಡುತ್ತಾರೆ. ಮೊದಲ ತಿಂಗಳೇ ಮಾತಾಡಿದರೆ ಏನಾದರೂ ದಾರಿ ಇರುತ್ತದೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಬಾಡಿಗೆ ಬಂತು ಅಂದ ಮಾತ್ರಕ್ಕೆ ಮನೆಯವರು ಚೆನ್ನಾಗಿದ್ದಾರೆ ಅಂತ ಅರ್ಥವಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿ, ನೆಂಟರ ಹತ್ತಿರ ಕೈಸಾಲ ತಂದು, ಊಟ ಕಡಿಮೆ ಮಾಡಿ ಬಾಡಿಗೆ ಕಟ್ಟಿದವರು ತುಂಬ ಜನ. ನಮ್ಮ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬಾಕಿ ಸೊನ್ನೆ. ಬಾಕಿ ಪಟ್ಟಿ ಮಾತ್ರ ನೋಡಿ ಯಾರಿಗೆ ಸಹಾಯ ಬೇಕು ಅಂತ ತೀರ್ಮಾನಿಸಿದರೆ ಇಂಥವರು ಸಿಗುವುದೇ ಇಲ್ಲ. ಸಮಯಕ್ಕೆ ಕಟ್ಟುತ್ತಿರುವವರಿಗೂ ಒಂದು ಫೋನ್ ಮಾಡಿ ಅಂತ ನಿಮ್ಮ ಸಿಬ್ಬಂದಿಗೆ ಹೇಳಿ.

ಓನರ್ ಸಂಸ್ಥೆಗಳ ಪಾಡೂ ನೋಡಬೇಕು. ಇಂಥ ಕಟ್ಟಡಗಳಲ್ಲಿ ಬಾಡಿಗೆ ಮೊದಲೇ ಕಡಿಮೆ, ಮಿಗುವುದು ಬಹಳ ಸ್ವಲ್ಪ. ಸಾಲದ ಕಂತು, ಇನ್ಶೂರೆನ್ಸ್, ನೀರು, ಲಿಫ್ಟ್ ಯಾವುದೂ ನಿಲ್ಲುವುದಿಲ್ಲ. ಮೇಲಿಂದ ಸ್ಯಾನಿಟೈಸ್ ಮಾಡುವ ಖರ್ಚು ಬೇರೆ. ಬಾಡಿಗೆ ಕೇಳುವುದನ್ನು ಪೂರ್ತಿ ಬಿಟ್ಟುಬಿಟ್ಟರೆ ಕಟ್ಟಡದ ರಿಪೇರಿ ನಿಲ್ಲುತ್ತದೆ. ಅದರ ಪೆಟ್ಟು ಕೊನೆಗೆ ಬೀಳುವುದು ಅದೇ ಬಾಡಿಗೆದಾರರ ಮೇಲೆ.

ಕ್ಯಾಲಿಫೋರ್ನಿಯಾ ಮಾಡಿದ ಒಂದು ಏರ್ಪಾಡು ನನಗೆ ಇಷ್ಟವಾಯಿತು. 2020ರ ಆಗಸ್ಟ್ 31ರ ಕಾನೂನಿನಲ್ಲಿ, ಕೊರೊನಾದಿಂದ ತೊಂದರೆಯಾಗಿದೆ ಅಂತ ಬಾಡಿಗೆದಾರರು ಸಹಿ ಮಾಡಿ ಕೊಟ್ಟರೆ ಸಾಕಿತ್ತು. ಸೆಪ್ಟೆಂಬರ್‌ನಿಂದ ಆಚೆಗಿನ ಬಾಡಿಗೆಯಲ್ಲಿ ಗಡುವಿನೊಳಗೆ 25% ಕಟ್ಟಿದರೆ, ಉಳಿದ ಬಾಕಿಗಾಗಿ ಮನೆ ಖಾಲಿ ಮಾಡಿಸುವಂತಿರಲಿಲ್ಲ. ಆ ಸಹಿಯ ಫಾರಂ ಅನ್ನು, ಬಾಕಿ ಕಟ್ಟಿ ಅಂತ ಕೊಡುವ ನೋಟಿಸ್ ಜೊತೆಗೇ ಓನರ್ ಕೊಡಬೇಕಿತ್ತು. ಏನೂ ಕಟ್ಟಲಾಗದು ಅಂತ ಕೂತವರಿಗೆ ಕಾಲು ಭಾಗ ಅನ್ನೋದು ಕೈಗೆಟುಕುವ ಮೊತ್ತವಾಯಿತು. ಗಡುವನ್ನು ಆಮೇಲೆ 2021ರ ಸೆಪ್ಟೆಂಬರ್ 30ರವರೆಗೂ ಎಳೆದರು.

ಹಣ ಬಂದಿದ್ದು ಮಾತ್ರ ತಡವಾಗಿ. ಅಮೆರಿಕದ ಕೇಂದ್ರ ಸರ್ಕಾರ ಎರಡು ಕಂತಿನಲ್ಲಿ ಸುಮಾರು 4,650 ಕೋಟಿ ಡಾಲರ್ ಬಾಡಿಗೆ ನೆರವು ಮಂಜೂರು ಮಾಡಿತ್ತು. 2021ರ ಜುಲೈ ಕೊನೆಗೆ ಜನರಿಗೆ ತಲುಪಿದ್ದು ಸುಮಾರು 510 ಕೋಟಿ. ಯಾಕೆ ಅಂದರೆ ಅರ್ಜಿ ಆನ್‌ಲೈನ್, ಇಮೇಲ್ ಬೇಕು, ಆದಾಯದ ದಾಖಲೆ ಬೇಕು. ಕೈಗೆ ಕಾಸು ತಗೊಂಡು ಕೆಲಸ ಮಾಡುವವರ ಹತ್ತಿರ ಪೇ ಸ್ಲಿಪ್ ಎಲ್ಲಿಂದ ಬರಬೇಕು? ವಲಸೆ ಬಂದವರಿಗೆ ಇನ್ನೊಂದು ಭಯ. ಸರ್ಕಾರದ ನೆರವು ಪಡೆದವರಿಗೆ ಗ್ರೀನ್ ಕಾರ್ಡ್ ಕಷ್ಟ ಮಾಡುವ ನಿಯಮವೊಂದು ಸರಿಯಾಗಿ 2020ರ ಫೆಬ್ರುವರಿಯಲ್ಲೇ ಜಾರಿಗೆ ಬಂದಿತ್ತು. ಈ ಬಾಡಿಗೆ ನೆರವು ಅದರ ಲೆಕ್ಕಕ್ಕೆ ಬರುವುದಿಲ್ಲ ಅಂತ ಎಷ್ಟು ಹೇಳಿದರೂ ಕೆಲವರು ನಂಬಲಿಲ್ಲ. ಆ ನಿಯಮ 2021ರ ಮಾರ್ಚ್‌ನಲ್ಲಿ ಹೋಯಿತು, ಭಯ ಹೋಗಲಿಲ್ಲ. ಅವರದೇ ಭಾಷೆ ಆಡುವ, ಅದೇ ಕಟ್ಟಡದ ಒಬ್ಬರು ಪಕ್ಕದಲ್ಲಿ ಕೂತು ಅರ್ಜಿ ತುಂಬಿಸಿದಾಗ ಮಾತ್ರ ಕೆಲಸ ಆಗುತ್ತಿತ್ತು. ಈ ಕೆಲಸಕ್ಕೆ ಸಂಬಳ ಕೊಟ್ಟು ಜನ ಇಡಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಇನ್ನು ಬೆಂಗಳೂರು. 2020ರ ಮಾರ್ಚ್ 29ಕ್ಕೆ ನಮ್ಮ ಕೇಂದ್ರ ಗೃಹ ಸಚಿವಾಲಯವೂ ಆದೇಶ ಹೊರಡಿಸಿತ್ತು. ಕಾರ್ಮಿಕರ ಹತ್ತಿರ ಒಂದು ತಿಂಗಳು ಬಾಡಿಗೆ ಕೇಳಬಾರದು, ಅವರನ್ನು ಮನೆಯಿಂದ ಹೊರಗೆ ಹಾಕಬಾರದು ಅಂತ. ಆದರೆ ಆ ಬಾಡಿಗೆಯನ್ನು ಓನರ್‌ಗೆ ಯಾರು ತುಂಬಿಕೊಡಬೇಕು ಅನ್ನೋದಕ್ಕೆ ಅದರಲ್ಲಿ ಹಣದ ವ್ಯವಸ್ಥೆ ಇರಲಿಲ್ಲ. ಎರಡು ರೂಮು ಬಾಡಿಗೆಗೆ ಕೊಟ್ಟು ಅದರಲ್ಲೇ ಜೀವನ ಮಾಡುವ ವಠಾರದ ಅಜ್ಜಿಯೂ ಓನರೇ ತಾನೇ?

ನಿಮ್ಮ ಟ್ರಸ್ಟ್ ಸರ್ಕಾರವನ್ನು ಕಾಯಬೇಕಿಲ್ಲ. ಬಾಡಿಗೆ ಕರಾರಿನಲ್ಲೇ ಒಂದು ಷರತ್ತು ಬರೆಯಿರಿ: ಫ್ಯಾಕ್ಟರಿ ಮುಚ್ಚಿದರೆ ಅಥವಾ ಕೆಲಸ ಹೋದರೆ, ತಿಳಿಸಿದ ಮುಂದಿನ ತಿಂಗಳಿಂದ ಮೂರು ತಿಂಗಳು ಬಾಡಿಗೆ ಕಾಲು ಭಾಗ ಮಾತ್ರ, ಉಳಿದದ್ದು ಟ್ರಸ್ಟಿನ ನಿಧಿಯಿಂದ. ಆ ನಿಧಿಗೆ ಈಗಿನಿಂದಲೇ ಪ್ರತಿ ತಿಂಗಳ ವಸೂಲಿಯಲ್ಲಿ ಒಂದು ಪಾಲು ತೆಗೆದಿಡಿ. ಪುರಾವೆಗೆ ಸ್ವಂತ ಹೇಳಿಕೆ ಸಾಕು ಅಂತಿಡಿ. ಜೊತೆ ಕೆಲಸ ಮಾಡುವವರು ಅದೇ ಮನೆಗಳಲ್ಲಿ ಇರುವುದರಿಂದ ಸುಳ್ಳು ಹೇಳುವವರು ಕಡಿಮೆ. ಇಳಿಸಿದ ಭಾಗವನ್ನು ಆಮೇಲೆ ಸಾಲ ಅಂತ ಅವರ ತಲೆಗೆ ಕಟ್ಟಬೇಡಿ. ಹಾಗೆ ಕಟ್ಟುವುದಿಲ್ಲ ಅಂತ ಮೊದಲೇ ಕನ್ನಡದಲ್ಲಿ, ಹಿಂದಿಯಲ್ಲಿ, ಒಡಿಯಾದಲ್ಲಿ ಬರೆದು ಕೊಡಿ. ನಿಮ್ಮ ಕರಾರಿನ ಒಕ್ಕಣೆ ಇಲ್ಲಿ ಹಾಕಿದರೆ ಸಾಲು ಸಾಲಾಗಿ ನೋಡಿ ಹೇಳುತ್ತೇನೆ.