ಹಿತ್ತಲಿಗೆ ಯಾವ ಹಿಪ್ಪುನೇರಳೆ?

ಪ್ರಶ್ನೆ: ನಮ್ಮದು ಮದ್ದೂರು ಕಡೆ ಹಳ್ಳಿ. ಮನೆ ಹಿಂದೆ ಹದಿನೈದು ಅಡಿ ಜಾಗ, ಅದರಾಚೆ ನಾಲೆ, ಭತ್ತದ ಗದ್ದೆ. ಮೊಮ್ಮಕ್ಕಳು ಹಣ್ಣು ತಿನ್ನಲಿ ಅಂತ ಪಕ್ಕದವರ ರೇಷ್ಮೆ ತೋಟದಿಂದ ವಿ-1 ಅನ್ನುವ ಹಿಪ್ಪುನೇರಳೆ ತಳಿಯ ಕಡ್ಡಿ ತಂದು ನೆಟ್ಟೆ. ಎರಡು ವರ್ಷವಾಯಿತು. ಎಲೆ ಅಂಗೈಗಿಂತ ದೊಡ್ಡದು, ಹಣ್ಣು ಮಾತ್ರ ಬೆರಳೆಣಿಕೆ. ಕಿತ್ತು ಬೇರೆ ತಳಿ ಹಾಕಲೇ?

ಉತ್ತರ: ಗಿಡದ್ದೇನೂ ತಪ್ಪಿಲ್ಲಮ್ಮ. ವಿ-1 ತಳಿಯನ್ನು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಮಾಡಿದ್ದೇ ಸೊಪ್ಪಿಗಾಗಿ. ಎಸ್-36, ಕಣ್ವ-2 ತಳಿಗಳೂ ಸೊಪ್ಪಿಗೇ. ರೇಷ್ಮೆ ಹುಳುವಿಗೆ ಬೇಕಾದ್ದನ್ನು ನೋಡಿ ಆರಿಸಿದ ತಳಿಗಳು ಇವು. ಹಣ್ಣಿನ ರುಚಿಯನ್ನು ಅಲ್ಲಿ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಆದರೂ ಕೀಳುವ ಮುಂಚೆ ಒಂದು ಸಲ ಸವರಿ ನೋಡಿ. ಹಿಪ್ಪುನೇರಳೆ ಹಣ್ಣು ಬಿಡುವುದು ಹೊಸ ಚಿಗುರಿನಲ್ಲಿ, ಎಲೆಯ ಬುಡದಲ್ಲಿ. ಡಿಸೆಂಬರ್ ಕೊನೆಗೆ ಎದೆಯೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಯನ್ನೆಲ್ಲ ಕಿತ್ತುಹಾಕಿ, ಚೆನ್ನಾಗಿ ನೀರು ಕೊಡಿ. ಚಿಗುರಿನ ಜೊತೆಗೇ ಹಸಿರು ಪುಟ್ಟ ತೆನೆಯಂಥ ಹೂವು ಬರುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಣ್ಣು. ನಿಮ್ಮ ಕಡೆ ಆಗ ಮಳೆ ಕಡಿಮೆ. ಇದು ಮುಖ್ಯ. ಮಳೆಯಲ್ಲಿ ಮಾಗಿದ ಹಣ್ಣು ನೀರುನೀರಾಗಿ ಸಪ್ಪೆ ಆಗುತ್ತದೆ, ಬೇಗ ಬೂಸ್ಟು ಹಿಡಿಯುತ್ತದೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ, ಅದರಿಂದ ಸೊಪ್ಪೇ ಜಾಸ್ತಿ. ಕೊಟ್ಟಿಗೆ ಗೊಬ್ಬರ ಸಾಕು.

ಹೊಸ ಗಿಡ ಇಡುವುದಾದರೆ ನಾನು ಹೆಸರು ನೋಡುವುದಿಲ್ಲ, ಹಣ್ಣು ತಿಂದು ನೋಡುತ್ತೇನೆ. ನಿಮ್ಮ ಊರಲ್ಲೋ ನೆಂಟರ ಊರಲ್ಲೋ ಬೇಲಿ ಬದಿಯ ಹಳೇ ನಾಟಿ ಮರ ಒಂದಾದರೂ ಇರುತ್ತದೆ, ಅಲ್ವಾ? ಹಣ್ಣಿನ ಕಾಲದಲ್ಲಿ ಹೋಗಿ. ಕಪ್ಪಗಾದ ಹಣ್ಣಿನ ಕೆಳಗೆ ಅಂಗೈ ಹಿಡಿದು ರೆಂಬೆಯನ್ನು ಮೆಲ್ಲಗೆ ಅಲ್ಲಾಡಿಸಿ. ತಾನಾಗಿ ಕೈಗೆ ಬಿದ್ದದ್ದು ಮಾಗಿದ ಹಣ್ಣು. ಎಳೆದರೆ ಮಾತ್ರ ಬರುವುದು ಇನ್ನೂ ಹುಳಿ. ಬಿದ್ದದ್ದು ಸಿಹಿಯಾಗಿ, ಕೊನೆಗೆ ಚೂರು ಹುಳಿ ಇದ್ದರೆ ಅದೇ ನಿಮ್ಮ ತಳಿ. ನಿಮ್ಮ ಮಣ್ಣು, ನಿಮ್ಮ ತೇವಕ್ಕೆ ಒಗ್ಗಿದ ಮರ ಅದು. ಅದರಿಂದಲೇ ಪೆನ್ಸಿಲ್ ದಪ್ಪದ, ಮೂರು ನಾಲ್ಕು ಕಣ್ಣಿನ ಕಡ್ಡಿ ತಂದು, ಒಂದು ಕಣ್ಣು ಮೇಲೆ ಬಿಟ್ಟು ನೆಡಿ. ಬೀಜದ ಸಸಿ ಬೇಡ. ಹಿಪ್ಪುನೇರಳೆಯಲ್ಲಿ ಗಂಡು ಮರ ಬೇರೆ ಇರುತ್ತದೆ. ವರ್ಷಗಟ್ಟಲೆ ಕಾದು ಕೊನೆಗೆ ಹಣ್ಣೇ ಇಲ್ಲ ಅಂತಾಗಬಾರದು.

ನಾಲೆ ಬದಿ ಅಂದಿರಿ. ಈ ಗಿಡಕ್ಕೆ ನೀರು ಬೇಕು, ಆದರೆ ಬೇರು ನೀರಲ್ಲಿ ನಿಲ್ಲಬಾರದು. ಒಂದೂವರೆ ಅಡಿ ಮಣ್ಣು ಏರಿಸಿ ನೆಡಿ, ಗೋಡೆಯಿಂದ ಎಂಟು ಹತ್ತು ಅಡಿ ದೂರವಿರಲಿ. ಗಿಡದೊಳಗೆ ಗಾಳಿ ಆಡುವಂತೆ ಒತ್ತಾದ ಕೊಂಬೆ ತೆಗೆಯುತ್ತಿರಿ. ಮಳೆಗಾಲದ ಎಲೆ ಚುಕ್ಕೆಯೂ, ಚಳಿಗಾಲದಲ್ಲಿ ಎಲೆಯಡಿ ಬಿಳಿ ಪುಡಿಯಂತೆ ಕಾಣುವ ಬೂದಿ ರೋಗವೂ ಒತ್ತಾದ ಗಿಡದಲ್ಲೇ ಹೆಚ್ಚು.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಮನೆ. ತಾರಸಿಯಲ್ಲಿ ಡ್ರಮ್ ಇಟ್ಟು ಬೆಳೆಸಬೇಕು. ನರ್ಸರಿಯಲ್ಲಿ ‘ಬ್ಲ್ಯಾಕ್ ಮಲ್ಬರಿ’, ‘ಲಾಂಗ್ ಮಲ್ಬರಿ’ ಅಂತ ಎರಡು ತೋರಿಸಿದರು. ಯಾವುದು ತರಲಿ? ಚಿಗುರು ಮುದುಡಿದರೆ ಏನು ಹೊಡೆಯಬೇಕು?

ಉತ್ತರ: ‘ಬ್ಲ್ಯಾಕ್’ ಅನ್ನುವುದು ಸಾಮಾನ್ಯವಾಗಿ ಹಣ್ಣಿನ ಬಣ್ಣ ನೋಡಿ ಇಟ್ಟ ಹೆಸರು. ಮೋರಸ್ ನೈಗ್ರಾ ಅನ್ನುವ ನಿಜವಾದ ಕಪ್ಪು ಹಿಪ್ಪುನೇರಳೆ ಬೇರೆ. ಅದಕ್ಕೆ ಒಣ ಬೇಸಿಗೆ, ಒಳ್ಳೆ ಚಳಿ ಬೇಕು. ನಮ್ಮ ಸೆಕೆ, ತೇವಕ್ಕೆ ಅದು ಏಳುವುದಿಲ್ಲ. ಲಾಂಗ್ ಮಲ್ಬರಿ ಬೆರಳುದ್ದ ಹಣ್ಣು ಬಿಡುತ್ತದೆ, ತುಂಬಾ ಸಿಹಿ, ಹುಳಿಯೇ ಇಲ್ಲ. ಸೆಕೆಯನ್ನು ತಡೆಯುತ್ತದೆ, ಆದರೆ ದೊಡ್ಡ ಮರ ಆಗುವ ಜಾತಿ. ಡ್ರಮ್ಮಿಗೆ ಚಿಕ್ಕ ಹಣ್ಣಿನ, ಗಿಡ್ಡ ಬೆಳವಣಿಗೆಯದೇ ಸರಿ. ಕುಂಡದಲ್ಲೇ ಹಣ್ಣು ಬಿಟ್ಟಿರುವ ಗಿಡ ಆರಿಸಿ. ಸುಮ್ನೆ ಬೋರ್ಡ್ ನಂಬಿ ತರಬೇಡಿ.

ಚಿಗುರು ಮುದುಡಿ, ಎಲೆ ದಪ್ಪಗೆ ಕಡುಹಸಿರಾದರೆ ಅದು ಹಿಟ್ಟು ತಿಗಣೆಯಿಂದ ಬರುವ ತುಕ್ರಾ ಅನ್ನುವ ತೊಂದರೆ. ಆ ತುದಿಯನ್ನು ಚಿವುಟಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಿ. ಗುಲಗಂಜಿ ಹುಳು ಕಂಡರೆ ಮುಟ್ಟಬೇಡಿ, ಅದು ಈ ತಿಗಣೆಯನ್ನೇ ತಿನ್ನುತ್ತದೆ. ಔಷಧಿ ಮಾತ್ರ ಹೊಡೆಯಬೇಡಿ. ಹಣ್ಣನ್ನು ಮಕ್ಕಳು ಗಿಡದಿಂದಲೇ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಇದನ್ನು ಮದ್ದೂರಿನವರಿಗೂ ಸೇರಿಸಿ ಹೇಳುತ್ತಿದ್ದೇನೆ: ನಿಮ್ಮ ಪಕ್ಕದಲ್ಲಿ ಹುಳು ಸಾಕುವವರಿದ್ದಾರೆ. ಗಾಳಿಯಲ್ಲಿ ತೇಲಿದ ಔಷಧಿ ಅವರ ಸೊಪ್ಪಿನ ಮೇಲೆ ಕೂತರೂ ಸಾಕು, ಹಣ್ಣಾಗಲು, ಅಂದರೆ ಗೂಡು ಕಟ್ಟುವ ಹಂತಕ್ಕೆ ಬರಲು, ಎರಡೇ ದಿನ ಇರುವ ಹುಳು ತಟ್ಟೆಯಲ್ಲೇ ಸಾಯುತ್ತದೆ.