ತಮ್ಮನ ಸಾಲ, ನಾಲ್ವರ ಮನೆ

ಬೆಟಗೇರಿಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ.

“ನಮ್ಮ ತಂದೆ ಮಗ್ಗದಲ್ಲಿ ದುಡಿದು ಕಟ್ಟಿಸಿದ ಮನೆ. 2011ರಲ್ಲಿ ತೀರಿಕೊಂಡರು, ಮೃತ್ಯುಪತ್ರ ಬರೆದಿಲ್ಲ. ಉತಾರದಲ್ಲಿ (ಆಸ್ತಿಯ ದಾಖಲೆಯಲ್ಲಿ) ನನ್ನ ಮತ್ತು ತಮ್ಮನ ಹೆಸರಿದೆ. ತಮ್ಮ ಅಂಗಡಿಗೆಂದು ಸಾಲ ತಂದ, ವ್ಯಾಪಾರ ಮುಳುಗಿತು. ಸಾಹುಕಾರರು ಕೋರ್ಟಿನಿಂದ ಆರು ಲಕ್ಷಕ್ಕೆ ಡಿಕ್ರಿ ತಂದು ಮನೆ ಜಪ್ತಿ ಮಾಡಿಸಿದ್ದಾರೆ, ಬಾಗಿಲಿಗೆ ನೋಟಿಸು ಅಂಟಿದೆ. ನಾನು ಯಾವುದಕ್ಕೂ ಸಹಿ ಹಾಕಿಲ್ಲ. ನಮ್ಮಿಬ್ಬರ ಮನೆ ಲಿಲಾವಿಗೆ (ಹರಾಜಿಗೆ) ಹೋಗುತ್ತದೆಯೇ? ತಮ್ಮನಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳಿ ಅಂತ ಒಬ್ಬರು ಹೇಳಿದರು. ತಾಯಿ ನನ್ನ ಜೊತೆಗಿದ್ದಾರೆ. ತಂಗಿಯನ್ನು ರೋಣಕ್ಕೆ ಕೊಟ್ಟಿದೆ.”

ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಎರಡು ಮಾತು ನೀವು ಸುಮ್ನೆ ಬರೆದಿರಬಹುದು. ನನಗೆ ಅವೇ ಮುಖ್ಯ ಅನ್ನಿಸಿದವು.

ಇದು ನಿಮ್ಮಿಬ್ಬರ ಮನೆ ಅಲ್ಲ. ತಂದೆಯ ಸ್ವಂತ ದುಡಿಮೆಯ ಆಸ್ತಿ, ಮೃತ್ಯುಪತ್ರ ಇಲ್ಲ. ಅಂದ ಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ನೀವು, ತಮ್ಮ, ತಂಗಿ, ನಾಲ್ವರಿಗೂ ಕಾಲು ಕಾಲು ಪಾಲು. ಉತಾರದಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಪಾಲು ಹೋಗುವುದಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಎಣಿಸದೆ ಲೆಕ್ಕ ಹಾಕುವ ರೂಢಿ ಇದೆ, ನಿಮ್ಮೊಬ್ಬರದೇ ತಪ್ಪಲ್ಲ ಬಿಡಿ.

ಸಾಹುಕಾರರಿಗೆ ಸಿಗುವುದು ತಮ್ಮನ ಕಾಲು ಪಾಲು ಮಾತ್ರ. ಉಳಿದ ಮುಕ್ಕಾಲಿಗೆ ಡಿಕ್ರಿ ತಾಗುವುದಿಲ್ಲ. ಆದರೆ ನೋಟಿಸು ಇಡೀ ಮನೆಗೆ ಅಂಟಿದೆ, ಅಲ್ವಾ? ಅದನ್ನು ಕೋರ್ಟಿನಲ್ಲಿ ಹೇಳದಿದ್ದರೆ ತಾನಾಗಿ ಸರಿಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ, 58ನೇ ನಿಯಮದ ಕೆಳಗೆ ತಕರಾರು ಅರ್ಜಿ ಹಾಕಬೇಕು. ಲಿಲಾವಿಗೆ ಮುಂಚೆಯೇ ಹಾಕಬೇಕು. ತಾಯಿ, ತಂಗಿಯೂ ಅರ್ಜಿದಾರರಾಗಲಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟು ಅಂತ ಕೇಳದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಇನ್ನು ಹಕ್ಕು ಬಿಡುಗಡೆ ಪತ್ರ. ಆ ಸಲಹೆ ಕೊಟ್ಟವರಿಗೆ ಇನ್ನೊಮ್ಮೆ ಚಹಾ ಕುಡಿಸಬೇಡಿ. ಜಪ್ತಿ ಆದ ಮೇಲೆ ತಮ್ಮ ತನ್ನ ಪಾಲನ್ನು ಯಾರಿಗೆ ಬರೆದುಕೊಟ್ಟರೂ ಅದು ಸಾಹುಕಾರರ ಎದುರು ನಿಲ್ಲುವುದಿಲ್ಲ. ಸಂಹಿತೆಯ 64ನೇ ಕಲಮು ಅದನ್ನೇ ಹೇಳುತ್ತದೆ. ಹಳೆಯ ಸ್ಟಾಂಪ್ ಪೇಪರ್ ಹುಡುಕಿ ಹಿಂದಿನ ತಾರೀಖು ಹಾಕಿ ವಾಟ್ನಿ (ಪಾಲು ಹಂಚಿಕೆ) ಪತ್ರ ಮಾಡೋಣ ಅಂತಲೂ ಯಾರಾದರೂ ಬರಬಹುದು. ಆ ದಾರಿ ಹಿಡಿದರೆ ಇಂದು ಸಾಲವೇ ಇಲ್ಲದ ನೀವು ನಾಳೆ ಸುಳ್ಳು ದಾಖಲೆ ಸೃಷ್ಟಿಸಿದ ಆರೋಪಿ.

ತಮ್ಮನ ಪಾಲು ಲಿಲಾವಾಯಿತು, ಹೊರಗಿನವರು ಹಿಡಿದರು ಅನ್ನಿ. ಅವರು ಬಂದು ನಿಮ್ಮ ಪಡಸಾಲೆಯಲ್ಲಿ ಕೂರುವಂತಿಲ್ಲ. ಪಾಲಾಗದ ಕುಟುಂಬದ ವಾಸದ ಮನೆಯಲ್ಲಿ ಹೊರಗಿನ ಖರೀದಿದಾರನಿಗೆ ಜಂಟಿ ವಾಸದ ಹಕ್ಕಿಲ್ಲ ಅಂತ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಮು ಹೇಳುತ್ತದೆ. ಅವರು ವಾಟ್ನಿ ದಾವೆ ಹಾಕಬೇಕು. ಹಾಕಿದರೆ 1893ರ ವಿಭಜನಾ ಕಾಯ್ದೆಯ 4ನೇ ಕಲಮಿನಂತೆ, ಕೋರ್ಟು ಕಟ್ಟಿದ ಬೆಲೆಗೆ ಆ ಪಾಲನ್ನು ನೀವೇ ಕೊಳ್ಳುತ್ತೇವೆ ಅಂತ ಕೇಳಬಹುದು. ಆ ಬೆಲೆ ಲಿಲಾವಿನ ಬೆಲೆಗಿಂತ ಜಾಸ್ತಿಯೇ ಇರಬಹುದು. ಅದಕ್ಕೇ ಕೈಯಲ್ಲಿ ಹಣವಿದ್ದರೆ ಲಿಲಾವಿನಲ್ಲೇ ನೀವು ಸವಾಲು ಕೂಗುವುದು ಮೇಲು. ಹೊರಗಿನವರಿಗೆ ಅದು ವ್ಯಾಜ್ಯದ ಗಂಟು, ಹೆಚ್ಚು ಕೂಗಲು ಹಿಂಜರಿಯುತ್ತಾರೆ. ಸವಾಲು ನಿಂತ ಕೂಡಲೇ ಕಾಲು ಭಾಗ, 15 ದಿನದೊಳಗೆ ಉಳಿದದ್ದು ಕಟ್ಟಬೇಕು. ಬೇರೆಯವರು ಹಿಡಿದರೂ 60 ದಿನದ ಅವಕಾಶ ಇದೆ. ಡಿಕ್ರಿಯ ಬಾಕಿ ಮತ್ತು ಸವಾಲಿನ ಮೊತ್ತದ ಶೇಕಡಾ 5 ಕಟ್ಟಿ, ಮಾರಾಟ ರದ್ದು ಮಾಡಿ ಅಂತ ತಮ್ಮ ಕೇಳಬಹುದು. ಅವನ ಪರವಾಗಿ ನೀವೂ ಕಟ್ಟಬಹುದು.

ಈಗ ತಂಗಿಯ ಮಾತಿಗೆ ಬರುತ್ತೇನೆ. ಮನೆ ಸರಿಯಾಗಿ ಪಾಲು ಮಾಡಲು ಬರುವುದಿಲ್ಲ, ಇಡೀ ಮನೆ ಮಾರಿ ಹಣ ಹಂಚಿ ಅಂತ ವಿಭಜನಾ ಕಾಯ್ದೆಯ 2ನೇ ಕಲಮಿನಲ್ಲಿ ಕೇಳಲು ಕನಿಷ್ಠ ಅರ್ಧ ಪಾಲು ಬೇಕು. ಖರೀದಿದಾರನ ಹತ್ತಿರ ಇರುವುದು ಕಾಲು. ಇನ್ನೊಂದು ಕಾಲು ಯಾರ ಹತ್ತಿರ ಇದೆ? 2011ರಿಂದ ತಂಗಿಯನ್ನು ಉತಾರದಿಂದ ಹೊರಗಿಟ್ಟಿದ್ದೀರಿ. ನಾಳೆ ಅವನು ರೋಣಕ್ಕೆ ಹೋಗಿ, “ನನ್ನ ಜೊತೆ ಸೇರಿ, ನಿಮ್ಮ ಹಣ ನಿಮಗೆ ಬರುತ್ತದೆ” ಅಂದರೆ ಆಕೆ ಒಲ್ಲೆ ಅನ್ನಲು ನೀವು ಏನು ಕಾರಣ ಕೊಟ್ಟಿದ್ದೀರಿ?

ಪಂಚಮಿಗೆ ಕರೆಯಲು ಹೋದಾಗ ಹೇಳಿದರಾಯಿತು ಅಂತ ಕಾಯಬೇಡಿ. ನೋಟಿಸಿನ ಪ್ರತಿ ತೆಗೆದುಕೊಂಡು, ತಾಯಿಯನ್ನೂ ಕರೆದುಕೊಂಡು ಈ ವಾರವೇ ರೋಣದ ಬಸ್ಸು ಹತ್ತಿ.